ವಿದೇಶವಾಸಿ ಅಮೆರಿಕನ್ನರ ತೆರಿಗೆ ಮತ್ತು ಮತದಾನ

ಅಮೆರಿಕದ ಆದಾಯ ತೆರಿಗೆಯು ವಾಸಸ್ಥಳವನ್ನಷ್ಟೇ ಅಲ್ಲದೆ ಪೌರತ್ವವನ್ನೂ ಆಧರಿಸಿರುವುದರಿಂದ, ಅಲ್ಲಿನ ಪ್ರಜೆ ಯಾವ ದೇಶದಲ್ಲಿ ನೆಲೆಸಿ ದುಡಿದರೂ, ಒಟ್ಟು ಆದಾಯವು ನಿಗದಿತ ಮಿತಿಯನ್ನು ಮೀರಿದರೆ ಪ್ರತಿವರ್ಷ ಅಲ್ಲಿಗೆ ರಿಟರ್ನ್ಸ್ ಸಲ್ಲಿಸಬೇಕಾಗುತ್ತದೆ. ಈ ಅಧಿಕಾರವನ್ನು ಅಲ್ಲಿನ ಸುಪ್ರೀಂ ಕೋರ್ಟ್ 1924ರಲ್ಲಿ, ಮೆಕ್ಸಿಕೊದಲ್ಲಿ ನೆಲೆಸಿದ್ದ ಪ್ರಜೆಯೊಬ್ಬರ ಪ್ರಕರಣದಲ್ಲಿ ಎತ್ತಿಹಿಡಿಯಿತು.

ರಿಟರ್ನ್ಸ್ ಸಲ್ಲಿಸಿದವರೆಲ್ಲ ತೆರಿಗೆ ಕಟ್ಟಬೇಕೆಂದಿಲ್ಲ. ಅರ್ಹರಿಗೆ ವಿದೇಶದ ದುಡಿಮೆಯ ಆದಾಯದಲ್ಲಿ 2025ನೇ ಸಾಲಿಗೆ 1,30,000 ಡಾಲರ್‌ವರೆಗೆ ವಿನಾಯಿತಿಯಿದ್ದು, ನೆಲೆಸಿದ ದೇಶಕ್ಕೆ ಕಟ್ಟಿದ ಆದಾಯ ತೆರಿಗೆಯನ್ನು ಅಮೆರಿಕದ ತೆರಿಗೆಯಲ್ಲಿ ಕಳೆಯಲು ಅವಕಾಶ ನೀಡುವ ‘ವಿದೇಶಿ ತೆರಿಗೆ ಕ್ರೆಡಿಟ್’ ಕೂಡ ಇದೆ. ಆದರೆ ಒಂದೇ ಆದಾಯಕ್ಕೆ ಎರಡನ್ನೂ ಪಡೆಯುವಂತಿಲ್ಲ.

ವಿದೇಶಿ ಬ್ಯಾಂಕ್ ಖಾತೆಗಳ ವಾರ್ಷಿಕ ವರದಿಯಾದ ‘ಎಫ್‌ಬಿಎಆರ್’ ಪ್ರತ್ಯೇಕ ಹೊಣೆ. ಬೆಂಗಳೂರಿನಲ್ಲಿ ನೆಲೆಸಿದ ಅಮೆರಿಕನ್ ಪ್ರಜೆಯ ಒಂದು ಖಾತೆಯಲ್ಲಿ 6,000 ಡಾಲರ್, ಮತ್ತೊಂದರಲ್ಲಿ 5,000 ಡಾಲರ್ ಮೌಲ್ಯದ ರೂಪಾಯಿ ಏಕಕಾಲಕ್ಕೆ ಇದ್ದರೆ, ಒಟ್ಟು ಮೊತ್ತ 10,000 ಡಾಲರ್ ದಾಟುವುದರಿಂದ ಎರಡೂ ಖಾತೆಗಳ ವಿವರ ಕೊಡಬೇಕು.

ಮತದಾನ ಕಡ್ಡಾಯವಲ್ಲ, ಅದು ಹಕ್ಕು. 1986ರ ಕಾನೂನಿನ ಪ್ರಕಾರ ವಿದೇಶವಾಸಿ ಪ್ರಜೆಗಳು ತಾವು ಅಮೆರಿಕದಲ್ಲಿ ಕೊನೆಯದಾಗಿ ವಾಸಿಸಿದ್ದ ರಾಜ್ಯದ ಮತದಾರರಾಗಿ, ಫೆಡರಲ್ ಚುನಾವಣೆಗಳಲ್ಲಿ, ಅಂದರೆ ಅಧ್ಯಕ್ಷರ ಹಾಗೂ ಕಾಂಗ್ರೆಸ್ ಸದಸ್ಯರ ಆಯ್ಕೆಯಲ್ಲಿ, ಗೈರುಹಾಜರಿ ಮತಪತ್ರದ ಮೂಲಕ ಭಾಗವಹಿಸಬಹುದು. ಸಕಾಲದಲ್ಲಿ ಅರ್ಜಿ ಸಲ್ಲಿಸಿದವರಿಗೆ ಚುನಾವಣೆಗೆ ಕನಿಷ್ಠ 45 ದಿನ ಮುಂಚೆ ಮತಪತ್ರ ಕಳುಹಿಸುವುದು ರಾಜ್ಯಗಳ ಕರ್ತವ್ಯ.

ಫೆಡರಲ್ ಚುನಾವಣೆಯಲ್ಲಿ ಮತ ಹಾಕಿದ ಮಾತ್ರಕ್ಕೆ ಫೆಡರಲ್ ತೆರಿಗೆ ಹೆಚ್ಚುವುದಿಲ್ಲವಾದ್ದರಿಂದ, ಆ ಅಂಜಿಕೆಯಿಂದ ಹಕ್ಕನ್ನು ಬಿಟ್ಟುಕೊಡುವುದು ಸಲ್ಲದು. ತೆರಿಗೆಯ ಹೊಣೆ ಹೊತ್ತವರು ಆ ಹಣದ ವಿನಿಯೋಗವನ್ನು ನಿರ್ಧರಿಸುವವರ ಆಯ್ಕೆಯಲ್ಲೂ ಪಾಲ್ಗೊಳ್ಳುವುದೇ ನ್ಯಾಯ.