ನಿದಾನ ಕಲಿಯುವ ಹೊತ್ತು

ಶ್ರಾವಣದ ಮುಂಜಾನೆ. ಹುಮನಾಬಾದಿನ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಸುಸಲಾಕ್ಕೆ ಹಾಕಿದ ಸಾಸಿವೆ ಚಟಪಟ ಅನ್ನುತ್ತಿದೆ. ರಾತ್ರಿಯೆಲ್ಲ ಜಿಟಿಜಿಟಿ ಹಿಡಿದ ಮಳೆಗೆ ತೊಯ್ದ ಕೆಂಪು ಮಣ್ಣಿನ ವಾಸನೆ, ಮಿರ್ಚಿ ಭಜಿಯ ಕಾದ ಎಣ್ಣೆಯ ವಾಸನೆ, ಹೈದರಾಬಾದಿನ ಕಡೆಯಿಂದ ಸೊಲ್ಲಾಪುರದ ಕಡೆಗೆ ಗುಡುಗಿಕೊಂಡು ಹೋಗುವ ಲಾರಿಗಳ ಹೊಗೆ, ಎಲ್ಲವೂ ಕಲಸಿ ಈ ಊರಿಗೇ ಸೇರಿದ ಒಂದು ಗಾಳಿಯಾಗಿದೆ. ಬೀದರ–ಕಲಬುರಗಿ ದಾರಿಯೂ ಪುಣೆ–ಹೈದರಾಬಾದ್ ಹೆದ್ದಾರಿಯೂ ಒಂದನ್ನೊಂದು ದಾಟುವ ಊರಿದು. ವೀರಭದ್ರೇಶ್ವರನ ಗುಡಿಗೆ ಹೊರಟವರು, ಮಾಣಿಕನಗರದ ಪ್ರಭುಗಳ ದರ್ಶನಕ್ಕೆ ಬಂದವರು, ಕಳೆ ತೆಗೆಯಲು ಟೆಂಪೋ ಏರಿ ನಿಂತ ಹೆಂಗಸರು, ಎಲ್ಲರೂ ಇಲ್ಲೇ ಒಂದು ಕಪ್ ಚಹಾ ಕುಡಿದು ಮುಂದೆ ಹೋಗುತ್ತಾರೆ.

ನಾವು ಮಾತ್ರ ಮುಂದೆ ಹೋಗದೆ ಪಕ್ಕದ ಗಲ್ಲಿಗೆ ತಿರುಗೋಣ. ಬಾಗಿಲ ಮುಂದೆ ಚಪ್ಪಲಿಗಳು ರಾಶಿ ಬಿದ್ದ ಆ ಮನೆಯೇ ದವಾಖಾನೆ. ಒಳಗೆ ಕಾಲಿಟ್ಟರೆ ಮೊದಲು ಇಂಗಿನ ಘಾಟು, ಅದರ ಹಿಂದೆ ನಾರಾಯಣ ತೈಲದ ಜಿಡ್ಡು ವಾಸನೆ, ಎಲ್ಲದರ ಮೇಲೆ ತೆಳ್ಳಗೆ ಡೆಟಾಲು. ಗೋಡೆಗೆ ತಾಗಿಸಿದ ಮರದ ಬೆಂಚು ಎಷ್ಟು ಜನ ಕೂತೆದ್ದರೋ, ನಡುವೆ ಸವೆದು ತೊಟ್ಟಿಲಿನ ಹಾಗೆ ಆಗಿದೆ. ಆಯುರ್ವೇದದ ಡಾಕ್ಟರು. ಅರವತ್ತರ ಆಚೆಯ ವಯಸ್ಸು, ಮೂಗಿನ ತುದಿಗೆ ಜಾರಿದ ಕನ್ನಡಕ. ತಮ್ಮ ಹೆಸರು ಪತ್ರಿಕೆಯಲ್ಲಿ ಬರುವುದು ಅವರಿಗೆ ಬೇಡ. ಅವರ ಎರಡೂ ಬದಿಗೆ ಬಿಎಎಂಎಸ್ ಮುಗಿಸಿ ಅನುಭವಕ್ಕೆಂದು ಬಂದು ಕೂತ ಒಬ್ಬ ಹುಡುಗ, ಒಬ್ಬ ಹುಡುಗಿ. ನಾಲ್ಕೂವರೆ ವರ್ಷ ಓದಿ, ಒಂದು ವರ್ಷ ಇಂಟರ್ನ್‌ಶಿಪ್ ಮಾಡಿ, ಪದವಿಯನ್ನು ಮನೆಯ ಗೋಡೆಗೆ ತೂಗಿಸಿ ಬಂದವರು ಈಗ ಮತ್ತೆ ಮೊದಲಿನಿಂದ ಕಲಿಯುತ್ತಿದ್ದಾರೆ. ಏನನ್ನು ಅಂತ ಕೇಳಿದರೆ ಡಾಕ್ಟರು ನಗುತ್ತಾರೆ: “ಸುಮ್ಮನ ಕೂಡೋದು ಕಲಿಸಲತ್ತೀನಿ.”

ಬೆಂಚಿನ ಮೇಲಿನ ಸಾಲು ನಾಲ್ಕು ಭಾಷೆಯಲ್ಲಿ ಮಾತಾಡುತ್ತದೆ. ಮೊಣಕಾಲು ನೋವಿನ ಮುತ್ಯಾ ಕನ್ನಡದಲ್ಲಿ ನರಳಿದರೆ, ಬುರ್ಖಾದ ಅಮ್ಮ ದಖನಿಯಲ್ಲಿ, ಉಮರ್ಗಾ ಕಡೆಯ ಮಾಂವಶಿ ಮರಾಠಿಯಲ್ಲಿ, ಜಹೀರಾಬಾದಿನಿಂದ ಬಂದವರು ತೆಲುಗಿನಲ್ಲಿ. ಆದರೆ ತಲೆ ತಿರುಗಿದರೆ ಬಹುಮಟ್ಟಿಗೆ ಎಲ್ಲರಿಗೂ ಅದು ‘ಚಕ್ಕರ್’. ಒಂದೇ ಮಾತು, ಆದರೆ ಒಳಗೆ ಬೇರೆ ಬೇರೆ ಕಾಯಿಲೆ: ಒಬ್ಬರಿಗೆ ರಕ್ತ ಕಡಿಮೆ, ಒಬ್ಬರಿಗೆ ಬಿ.ಪಿ. ಗುಳಿಗೆ ಹೆಚ್ಚು, ಮತ್ತೊಬ್ಬರಿಗೆ ಬೆಳಗಿನಿಂದ ಹೊಟ್ಟೆಯಲ್ಲಿ ಚಹಾ ಬಿಟ್ಟು ಏನೂ ಇಲ್ಲ. ಮಾತು ಒಂದೇ ಎಂದು ಗುಳಿಗೆಯೂ ಒಂದೇ ಕೊಡುವ ದವಾಖಾನೆಗಳನ್ನು ನಾವೆಲ್ಲ ನೋಡಿದ್ದೇವೆ.

ಈಗ ಒಳಗೆ ಬಂದವಳು ನಲವತ್ತೈದರ ಆಸುಪಾಸಿನ ಹೆಂಗಸು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾಳೆ, ಬಿಚ್ಚುತ್ತಾಳೆ. ಅಂಗೈಯಲ್ಲಿ ಕಳೆ ಕಿತ್ತ ಹಸಿರು ಕಲೆ.

“ಏನಾಗಲತ್ತದ ಯವ್ವಾ?”

“ಚಕ್ಕರ್ ಬರ್ತದ್ರಿ ಸಾಹೇಬ್ರ. ಸುಸ್ತು ಭೀ ಆಗ್ತದ.”

ಹುಡುಗನಿಗೆ ಕೇಳುವ ಸರದಿ. ಪುಸ್ತಕದ ಸಾಲಿನ ಹಾಗೆ ಕೇಳುತ್ತಾ ಹೋದ. ಹಸಿವು ಸರಿಯಾಗಿದೆಯೇ, ನಿದ್ರೆ ಬರುತ್ತದೆಯೇ, ಮಲಪ್ರವೃತ್ತಿ ಹೇಗಿದೆ, ಮೂತ್ರದಲ್ಲಿ ತೊಂದರೆ ಇದೆಯೇ? “ಇಲ್ರಿ.” “ಇಲ್ರಿ.” “ಎಲ್ಲಾ ಛಲೋ ಅದರಿ.” ಎರಡೇ ನಿಮಿಷದಲ್ಲಿ ಅವನ ಪ್ರಶ್ನೆಗಳು ತೀರಿದವು. ಡಾಕ್ಟರು ಅವಳ ಕೈ ಹಿಡಿದು ನಾಡಿ ನೋಡಿದರು, ನಾಲಿಗೆ ನೋಡಿದರು. ನಾಲಿಗೆ ಒಣಗಿ ಬಿರಿದಿತ್ತು. ಆಮೇಲೆ ಇದ್ದಕ್ಕಿದ್ದ ಹಾಗೆ ಎದ್ದು, “ಬಾರೋ, ಚಹಾ ಕುಡ್ಕೊಂಡು ಬರೋಣು” ಎಂದು ಹುಡುಗನನ್ನು ಎಬ್ಬಿಸಿಕೊಂಡು ಹೊರಗೆ ನಡೆದೇಬಿಟ್ಟರು. ನಾನೂ ಹಿಂದೆ ಹೋದೆ. ಆ ಚಹಾ ಅರ್ಧ ಗಂಟೆ ಹಿಡಿಯಿತು. ಹುಡುಗ ಗಡಿಯಾರ ನೋಡುತ್ತಿದ್ದ. ಡಾಕ್ಟರು ಹೋಟೆಲಿನವನ ಸೊಸೆಯ ಸಮಾಚಾರ ಕೇಳುತ್ತಿದ್ದರು.

ತಿರುಗಿ ಬಂದಾಗ ಹುಡುಗಿಯ ಹಾಳೆ ತುಂಬಿತ್ತು. ಒಂದಕ್ಕೆ ಹೋದರೆ ಉರಿ. ವರ್ಷದಲ್ಲಿ ಇದು ಮೂರನೆಯ ಸಲ. ಪ್ರತಿ ಸಲವೂ ಔಷಧಿ ಅಂಗಡಿಯಲ್ಲಿ ಕೇಳಿ ಎರಡು ದಿನದ ಗುಳಿಗೆ ನುಂಗಿ ಉರಿ ಕಡಿಮೆಯಾದ ಕೂಡಲೇ ಬಿಟ್ಟಿದ್ದಾಳೆ. ಬೆಳಗ್ಗೆ ಆರಕ್ಕೆ ಟೆಂಪೋ, ಸಂಜೆ ಐದರವರೆಗೆ ಹೊಲ. ಅಷ್ಟು ಹೊತ್ತು ನೀರು ಮುಟ್ಟುವುದಿಲ್ಲ. ಯಾಕೆಂದರೆ ಕುಡಿದರೆ ಹೋಗಬೇಕಾಗುತ್ತದೆ, ಹೋಗಲು ಜಾಗವಿಲ್ಲ. ಮೊದಲು ಜೋಳ ಇರುತ್ತಿತ್ತು, ತೊಗರಿ ಇರುತ್ತಿತ್ತು, ಆಳೆತ್ತರ ಬೆಳೆಯುತ್ತಿತ್ತು. ಈಗ ಎಲ್ಲಿ ನೋಡಿದರೂ ಸೋಯಾ. ಮೊಣಕಾಲಿಗೆ ಬರುವುದೂ ಕಷ್ಟ. ಬದುವಿನ ಮೇಲೆ ಗಂಡಸರು.

ಡಾಕ್ಟರು ಹಾಳೆಯನ್ನು ಎರಡು ಸಲ ಓದಿದರು. ಮೂತ್ರವನ್ನು ಲ್ಯಾಬಿಗೆ ಕಳಿಸಲು ಬರೆದರು. ಜ್ವರ, ಚಳಿ ಕಾಣಿಸಿದರೆ ಒಂದು ದಿನವೂ ತಡೆಯದೆ ಸರ್ಕಾರಿ ದವಾಖಾನೆಗೆ ಹೋಗಬೇಕು ಎಂದು ಅವಳ ಕೈಯಲ್ಲೇ ಎರಡು ಸಲ ಹೇಳಿಸಿದರು. ಅವಳು ಹೋದ ಮೇಲೆ ಹುಡುಗನ ಕಡೆ ತಿರುಗಿ, “ಮದ್ದು ಬರೀತೀನಿ ಖರೆ. ಮರೆ ಹೆಂಗ ಬರೀಲಿ ಹೇಳು?” ಅಂದರು.

ಕನ್ನಡದಲ್ಲಿ ‘ನಿದಾನ’ ಎಂಬ ಮಾತಿಗೆ ಎರಡು ಮುಖ. ಓಡುವವನಿಗೆ ನಿದಾನ ಎಂದರೆ ಸಾವಕಾಶ. ವೈದ್ಯನಿಗೆ ನಿದಾನ ಎಂದರೆ ರೋಗದ ಬುಡ, ಮೂಲ ಕಾರಣ. ಆಯುರ್ವೇದ ರೋಗವನ್ನು ತಿಳಿಯಲು ಐದು ಮೆಟ್ಟಿಲು ಹೇಳುತ್ತದೆ. ಮೊದಲನೆಯದೇ ನಿದಾನ, ಆಮೇಲೆ ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಚಿಕಿತ್ಸೆಯ ಮೊದಲ ಹೆಜ್ಜೆಯೂ ನಿದಾನ ಪರಿವರ್ಜನವೇ, ಕಾರಣವನ್ನು ದೂರ ಮಾಡುವುದು. ಗುಳಿಗೆ ಬರುವುದು ಅದರ ಹಿಂದೆ. ಪುಸ್ತಕದಲ್ಲಿ ಇದು ಅರ್ಧ ಪುಟ. ಬೆಂಚಿನ ಮೇಲೆ ಅರ್ಧ ಗಂಟೆಯ ಚಹಾ.

ಹುಡುಗಿಯ ಊರು ಬಸವಕಲ್ಯಾಣ. ದಿನವೂ ಬಸ್ಸಿನಲ್ಲಿ ಬಂದುಹೋಗುತ್ತಾಳೆ. ಮಧ್ಯಾಹ್ನದ ಬಸ್ಸಿಗೆ ನಾವೂ ಅವಳ ಜೊತೆ ಹತ್ತೋಣ. ಮೂವತ್ತು ಕಿಲೋಮೀಟರಿನ ಆಸುಪಾಸಿನ ದಾರಿ. ರಾಜೇಶ್ವರ ದಾಟುತ್ತಿದ್ದಂತೆ ಎರಡೂ ಕಡೆ ಅವಳ ಹಾಳೆಯಲ್ಲಿದ್ದ ಆ ಸೋಯಾ, ಕಣ್ಣು ಹೋದಷ್ಟು ದೂರ, ಗಾಳಿಗೆ ಒಂದೇ ಹಸಿರು ಚಾದರದ ಹಾಗೆ ಅಲುಗುತ್ತದೆ. ನಡುನಡುವೆ ಬಣ್ಣಬಣ್ಣದ ಸೀರೆಗಳ ಸಾಲು ಬಾಗಿದೆ. ನಿಜವೇ, ಒಂದು ಗಿಡದ ಮರೆಯೂ ಇಲ್ಲ.

ಹುಡುಗಿ ಬೆರಳು ಮಡಚಿ ದಶವಿಧ ಪರೀಕ್ಷೆಯನ್ನು ಒಪ್ಪಿಸಿದಳು: ಪ್ರಕೃತಿ, ವಿಕೃತಿ, ಸಾರ, ಸಂಹನನ, ಪ್ರಮಾಣ, ಸಾತ್ಮ್ಯ, ಸತ್ವ, ಆಹಾರಶಕ್ತಿ, ವ್ಯಾಯಾಮಶಕ್ತಿ, ವಯಸ್ಸು. ರೋಗಿ ಯಾರು ಎಂದು ತಿಳಿಯುವ ಹತ್ತು ಬಾಗಿಲುಗಳು ಇವು. 2024ರ ನವೆಂಬರ್ 26ರಿಂದ ಡಿಸೆಂಬರ್ 25ರವರೆಗೆ ದೇಶದಾದ್ಯಂತ ನಡೆದ ಪ್ರಕೃತಿ ಪರೀಕ್ಷೆಯ ಅಭಿಯಾನದಲ್ಲಿ ಅವಳೂ ಮೊಬೈಲ್ ಹಿಡಿದು ಮನೆಮನೆ ತಿರುಗಿದ್ದಳಂತೆ. ಆಯುರ್ವೇದ ವಿದ್ಯಾರ್ಥಿಗಳೂ ವೈದ್ಯರೂ ಸೇರಿ 1.29 ಕೋಟಿ ಜನರನ್ನು ವಾತ, ಪಿತ್ತ, ಕಫದ ಲೆಕ್ಕಕ್ಕೆ ತಂದರು. ಗಿನ್ನೆಸ್ ದಾಖಲೆಗಳೂ ಬಂದವು. “ಆ್ಯಪ್ ಕೇಳಿದ್ದಷ್ಟೇ ಕೇಳ್ತಿದ್ವಿ ಸರ್. ಇವತ್ತಿನ ಆ ಅಕ್ಕನ್ನ ಆ್ಯಪ್ ಏನ್ ಕೇಳ್ತಿತ್ತು?” ಎಂದಳು. ದಾಖಲೆ ದೊಡ್ಡದೇ. ಆದರೂ ನನಗೆ ಅವಳ ಈ ಪ್ರಶ್ನೆ ಅದಕ್ಕಿಂತ ತೂಕದ್ದೆನಿಸಿತು.

ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಹೆದ್ದಾರಿ ಬಿಟ್ಟು ಬಲಕ್ಕೆ ಹೊರಳಿತು. ದೂರದಿಂದಲೇ 108 ಅಡಿಯ ಬಸವಣ್ಣ ಕಾಣುತ್ತಾನೆ. ಹೊಸ ಅನುಭವ ಮಂಟಪದ ಕಾಮಗಾರಿಯ ಧೂಳು, ಕೋಟೆಯ ಕಪ್ಪುಗಲ್ಲು, ಪರುಷಕಟ್ಟೆಯ ಸುತ್ತ ಕಾಯಿ, ಊದಿನಕಡ್ಡಿ ಮಾರುವವರ ಕೂಗು. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಸೇರಿದ ಶರಣರ ನಡುವೆ ಒಬ್ಬ ವೈದ್ಯನೂ ಇದ್ದ, ವೈದ್ಯ ಸಂಗಣ್ಣ. ಮರುಳಶಂಕರಪ್ರಿಯ ಸಿದ್ಧರಾಮೇಶ್ವರಲಿಂಗ ಎಂಬುದು ಅವನ ಅಂಕಿತ. ಸಿಕ್ಕಿರುವ ವಚನಗಳು ಕೆಲವೇ. ಅವುಗಳಲ್ಲಿ ನಾಡಿ, ದೋಷ, ಮದ್ದುಗಳ ಮಾತು ಭಕ್ತಿಯ ಮಾತಿನೊಳಗೆ ಕರಗಿದೆ. ಮೈಯ ರೋಗ ಬಲ್ಲವನು ಭವರೋಗದ ಬುಡಕ್ಕೂ ಕೈ ಹಾಕಿದ್ದಾನೆ. ಇಷ್ಟೊಂದು ಸ್ಮಾರಕಗಳ ಊರಿನಲ್ಲಿ ಈ ವೈದ್ಯನ ಹೆಸರು ಯಾತ್ರಿಕರ ಬಾಯಲ್ಲಿ ಅಪರೂಪ.

ಅವನಿಗೂ ಒಂದೆರಡು ತಲೆಮಾರು ಮುಂಚೆ ಇದೇ ಕಲ್ಯಾಣದ ಅರಸು ಮೂರನೆಯ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯ. ಯಾವ ಋತುವಿಗೆ ಯಾವ ಊಟ, ಎಲ್ಲಿಯ ನೀರು ಎಂಬುದೂ ಅದರಲ್ಲಿದೆ. ಅರಸನಿಗೆ ಹೇಳಿದ ಮಾತು. ಕಳೆ ಕೀಳುವವಳಿಗೆ ತಲುಪಲಿಲ್ಲ. ನಿಜಾಮರ ಕಾಲಕ್ಕೆ ಈ ಊರು ನವಾಬರ ಕಲ್ಯಾಣಿ. ಹೈದರಾಬಾದಿನಲ್ಲಿ ಇಂದಿಗೂ ಸಿಗುವ ಕಲ್ಯಾಣಿ ಬಿರಿಯಾನಿಗೆ ಹೆಸರು ಬಂದಿದ್ದು ಈ ನವಾಬರಿಂದಲೇ. ನಿಜಾಮರ ಸೀಮೆಯಲ್ಲಿ ಹಕೀಮರಿಗೂ ಮಾನವಿತ್ತು. ವೈದ್ಯ ನಾಡಿ ಎಂದರೆ ಹಕೀಮ ನಬ್ಜ್ ಎಂದ, ವೈದ್ಯ ಪ್ರಕೃತಿ ಎಂದರೆ ಹಕೀಮ ಮಿಜಾಜ್ ಎಂದ. “ನಿನ್ನ ಮಿಜಾಜು ನನಗೊತ್ತು” ಎಂದು ನಾವು ಜಗಳದಲ್ಲಿ ಅನ್ನುವ ಮಾತು ಆ ದವಾಖಾನೆಯಿಂದಲೂ ಕಾಲು ಚಾಚಿ ಬಂದದ್ದೇ ಇರಬೇಕು.

ಒಬ್ಬೊಬ್ಬರಿಗೂ ಅವರವರ ಮೈಗೆ ತಕ್ಕ ಮದ್ದು ಎಂಬ ಮಾತು ಈಗ ದೊಡ್ಡ ಪ್ರಯೋಗಾಲಯಗಳದ್ದೂ ಹೌದು. ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿದ್ದ ಹೃದಯ ಶಸ್ತ್ರಚಿಕಿತ್ಸಕ ಎಂ. ಎಸ್. ವಲಿಯತ್ತಾನ್ ಇಳಿವಯಸ್ಸಿನಲ್ಲಿ ಚರಕನನ್ನು ಓದಲು ಕೂತವರು. ಅವರೂ ಹೈದರಾಬಾದಿನ ಸಿಸಿಎಂಬಿ ಜೀವವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಸೇರಿ 3,416 ಗಂಡಸರ ಪ್ರಕೃತಿ ನೋಡಿ, ಅವರಲ್ಲಿ ಲಕ್ಷಣ ನಿಚ್ಚಳವಾಗಿದ್ದ 262 ಮಂದಿಯ ವಂಶವಾಹಿ ಓದಿ, 52 ಕಡೆ ವ್ಯತ್ಯಾಸ ಕಂಡೆವು ಎಂದು 2015ರಲ್ಲಿ ಪ್ರಕಟಿಸಿದರು. ಚಿಕ್ಕ ಗುಂಪು, ಹೆಂಗಸರೇ ಇಲ್ಲ. ಅದನ್ನೇ ಕೊನೆಯ ಮಾತು ಎನ್ನಲಾಗದು. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆಯ ಸುಮಾರು 10,000 ಭಾರತೀಯರ ಜೀನೋಮ್ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಅದರ ಫಲ ಈ ಸವೆದ ಬೆಂಚಿಗೆ ಬರಲು ಇನ್ನೂ ದಿನ ಬೇಕು.

ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಹಳೆಯ ರಿಜಿಸ್ಟರುಗಳ ಮೇಲೆ. 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕವನ್ನು ದಾದಿಯರು ಶಾಯಿಯಲ್ಲಿ ಬರೆದಿಟ್ಟಿದ್ದರು. ಹಾಗೆ 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯನ್ನು ಸಂಶೋಧಕರು ದಶಕಗಳ ನಂತರ ಹುಡುಕಿ ಪರೀಕ್ಷಿಸಿ 1996ರಲ್ಲಿ ವರದಿ ಮಾಡಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರ ಪೈಕಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ. 3.1 ಕಿಲೋ ಮೀರಿದ್ದವರಲ್ಲಿ ನೂರಕ್ಕೆ 3. ಐವತ್ತರಲ್ಲಿ ಎದೆ ಹಿಡಿದು ಕೂರುವವನ ನಿದಾನ ಅವನ ತಾಯಿ ಬಸುರಿಯಲ್ಲಿ ಉಂಡ ತಟ್ಟೆಯವರೆಗೂ ಹೋಗಬಹುದು. ಅದನ್ನು ಯಾವ ಡಾಕ್ಟರು ಎರಡು ನಿಮಿಷದಲ್ಲಿ ಕೇಳಿಯಾರು?

ಕೇಳಲು ಕಲಿಸುವ ಯತ್ನಗಳಂತೂ ಇವೆ. ಎಂಬಿಬಿಎಸ್ ಮಕ್ಕಳು ಈಗ ಹಳ್ಳಿಯ ಮೂರರಿಂದ ಐದು ಕುಟುಂಬಗಳನ್ನು ದತ್ತು ತೆಗೆದುಕೊಂಡು ಓದಿನ ವರ್ಷಗಳುದ್ದಕ್ಕೂ ಹೋಗಿಬಂದು ಮಾಡಬೇಕೆಂಬ ನಿಯಮವಿದೆ. ನೀರಿನ ಕೊಡ, ಅಡುಗೆ ಒಲೆ, ಕುಡಿಯುವ ಗಂಡ, ಎಲ್ಲವೂ ಅಲ್ಲಿ ಪಠ್ಯ. ಅಮೆರಿಕೆಯಲ್ಲಿ ಜೆಫ್ರಿ ಬ್ಲಾಂಡ್ ಮತ್ತು ಅವರ ಹೆಂಡತಿ 1991ರಲ್ಲಿ ಕಟ್ಟಿದ ಫಂಕ್ಷನಲ್ ಮೆಡಿಸಿನ್ ಸಂಸ್ಥೆ ಕಾರಣ ಹುಡುಕುವ ವೈದ್ಯರನ್ನು ತಯಾರು ಮಾಡುತ್ತೇವೆ ಎಂದು ತರಬೇತಿ ನಡೆಸುತ್ತದೆ. ರೋಗಿಯ ಬದುಕನ್ನು ಹುಟ್ಟಿನಿಂದ ಒಂದು ಗೆರೆಯ ಮೇಲೆ ಬರೆಸುತ್ತದೆ. ಆ ಗೆರೆ ಒಳ್ಳೆಯದೇ. ಗೆರೆಯ ಹಿಂದೆ ಸಾಲುಗಟ್ಟುವ ದುಬಾರಿ ಪರೀಕ್ಷೆ, ಡಬ್ಬಿ ಡಬ್ಬಿ ಪೂರಕ ಗುಳಿಗೆಗಳಿಗೆ ಪುರಾವೆ ಸಾಲದು ಎನ್ನುವ ವೈದ್ಯರೂ ಅಲ್ಲೇ ಬಹಳ ಮಂದಿ ಇದ್ದಾರೆ. ನಮ್ಮಲ್ಲೂ ನಾಡಿ ಹಿಡಿದು ಸಕಲ ರೋಗ ಹೇಳುತ್ತೇವೆ ಎಂಬ ಬೋರ್ಡುಗಳಿಗೇನು ಕಡಿಮೆ? ಹುಮನಾಬಾದಿನ ಡಾಕ್ಟರು ನಾಡಿ ನೋಡಿದರು, ಆದರೆ ಮೂತ್ರವನ್ನು ಲ್ಯಾಬಿಗೂ ಕಳಿಸಿದರು. ನಾನು ಅವರ ಮೇಲೆ ನಂಬಿಕೆ ಇಟ್ಟದ್ದು ಆ ಚೀಟಿ ನೋಡಿಯೇ.

ಸಂಜೆ ತ್ರಿಪುರಾಂತ ಕೆರೆಯ ದಂಡೆ. ನೀರಿನ ಮೇಲೆ ಮೋಡ ಇಳಿದಿದೆ, ಕೊಕ್ಕರೆಗಳು ಒಂದೊಂದಾಗಿ ಮರಕ್ಕೆ ಸೇರುತ್ತಿವೆ, ಎಲ್ಲೋ ರೊಟ್ಟಿ ಬಡಿಯುವ ಸದ್ದು. ಹುಡುಗಿ ಚೀಲದಿಂದ ನೋಟ್‌ಬುಕ್ ತೆಗೆದು ದಿನದ ಕೇಸುಗಳನ್ನು ತಿದ್ದಿ ಬರೆಯುತ್ತಿದ್ದಾಳೆ. ಕಳೆ ತೆಗೆಯುವವಳ ಪುಟದಲ್ಲಿ ‘ಔಷಧ’ದ ಎದುರು ಒಂದೇ ಸಾಲು. ‘ನಿದಾನ’ದ ಎದುರು ನೀರು ಕುಡಿಯುವುದಿಲ್ಲ ಎಂದು ಮೊದಲು ಬರೆದು, ಹೊಡೆದು ಹಾಕಿ, ಕೆಳಗೆ ಬೇರೆ ಬರೆದಿದ್ದಾಳೆ:

ಸೋಯಾ ಮೊಣಕಾಲುದ್ದ. ಹೊಲದಲ್ಲಿ ಮರೆ ಇಲ್ಲ. ಮುಂದಿನ ಸೋಮವಾರ ಮತ್ತೆ ಬರಲು ಹೇಳಿದೆ.