ಸೂಜಿಯಿಂದ ಹೆಸರಾದ ಊರು

ಭೂಮಧ್ಯಸಮುದ್ರದ ಪೂರ್ವಭಾಗದಲ್ಲಿ ಸೈಪ್ರಸ್ ಎಂಬ ದ್ವೀಪವಿರುವುದನ್ನು ನಮ್ಮ ವಿದ್ಯಾರ್ಥಿನಿಯರು ಭೂಗೋಳಪಾಠದಲ್ಲಿ ಓದಿರುವರು. ಅಲ್ಲಿಯ ತ್ರೊಡೊಸ್ ಪರ್ವತದ ತೆಂಕಣ ಇಳಿಜಾರಿನಲ್ಲಿ ಲೆಫ್ಕರವೆಂಬ ಸಣ್ಣ ಊರೊಂದುಂಟು. ಕಲ್ಲಿನ ಮನೆಗಳು, ಹೆಂಚಿನ ಮಾಡುಗಳು, ಇಕ್ಕಟ್ಟಾದ ಓಣಿಗಳು. ಇಷ್ಟೇ ಅದರ ವೈಭವ. ಆದರೂ ದೂರದೇಶದವರು ಅದರ ಹೆಸರನ್ನು ಬಲ್ಲರು. ಇದಕ್ಕೆ ಕಾರಣ ಆ ಊರಿನ ಸ್ತ್ರೀಯರ ಸೂಜಿಯ ಕೆಲಸವೇ.

ಈ ಲೇಸಿನ ಕಲೆಯು 14ನೆಯ ಶತಮಾನದಷ್ಟಾದರೂ ಹಳೆಯದು. 1489ರಿಂದ ದ್ವೀಪವನ್ನಾಳಿದ ವೆನಿಸ್ಸಿನವರ ಕಸೂತಿಯೂ ಪ್ರಾಚೀನ ಗ್ರೀಕರ ರೇಖಾಕೃತಿಗಳೂ ಸ್ಥಳೀಯ ಕೈಗಾರಿಕೆಯೊಡನೆ ಬೆರೆತು ಇದು ಬೆಳೆಯಿತು. ಚಿತ್ರಕಾರನಾದ ಲಿಯೊನಾರ್ಡೊ ಡ ವಿಂಚಿಯು 1481ರಲ್ಲಿ ಇಲ್ಲಿಗೆ ಬಂದು ಮಿಲಾನಿನ ದೇವಾಲಯಕ್ಕಾಗಿ ಒಂದು ವಸ್ತ್ರವನ್ನು ಕೊಂಡೊಯ್ದನೆಂದು ಊರವರು ಹೇಳುವರು. ಇದನ್ನು ಐತಿಹ್ಯವೆಂದೇ ಎಣಿಸತಕ್ಕದ್ದು.

ಕೆಲಸದ ಕ್ರಮವು ಹೀಗಿದೆ. ಅಗಸೆನಾರಿನ ಬಟ್ಟೆಯಲ್ಲಿ ಎಳೆಗಳನ್ನು ಎಣಿಸಿ ಕತ್ತರಿಸಿ ತೆಗೆಯುವರು. ಹಾಗೆ ಉಂಟಾದ ತೆರವುಗಳ ಅಂಚನ್ನು ಹತ್ತಿಯ ದಾರದಿಂದ ಭದ್ರಪಡಿಸಿ, ನಡುವೆ ಬಗೆಬಗೆಯ ಆಕೃತಿಗಳನ್ನು ತುಂಬುವರು. ಕಡೆಗೆ ಬಟ್ಟೆಯ ಸುತ್ತಲೂ ಸೂಜಿಯಿಂದಲೇ ಜಾಲರಿಯನ್ನು ಹೆಣೆಯುವರು. ಒಂದು ಎಳೆ ತಪ್ಪಿದರೂ ಆಕೃತಿ ಕೆಡುವುದು. ಹೆಂಗಸರು ಓಣಿಯಲ್ಲಿಯೂ ಜಗಲಿಯಲ್ಲಿಯೂ ಕೂಡಿ ಕುಳಿತು ಮಾತನಾಡುತ್ತ ಹೊಲಿಯುವರು. ಬಾಲಿಕೆಯರು ಮೊದಲು ನೋಡಿ, ಬಳಿಕ ತಾಯಿಯಿಂದಲೋ ಅಜ್ಜಿಯಿಂದಲೋ ಕಲಿಯುವರು. 20ನೆಯ ಶತಮಾನದ ಆರಂಭದಲ್ಲಿ ಊರಿನ ಗಂಡಸರು ಈ ವಸ್ತ್ರಗಳನ್ನು ಹೊತ್ತು ಯೂರೋಪಿನ ನಾನಾ ಪಟ್ಟಣಗಳಲ್ಲಿ ಮಾರಿದರು. ಹೀಗೆ ಬಂದ ಹಣದಿಂದ ಎಷ್ಟೋ ಮನೆಗಳು ಎದ್ದವು.

2009ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಪಟ್ಟಿಗೆ ಸೇರಿದ ಮಾತ್ರದಿಂದ ಕಲೆ ಉಳಿಯದು. ಯಂತ್ರದಿಂದಾದ ಅಗ್ಗದ ವಸ್ತ್ರಗಳು ಅದೇ ಬೀದಿಯ ಅಂಗಡಿಗಳಿಗೂ ಬಂದಿವೆ. ತಿಂಗಳುಗಟ್ಟಲೆ ಕಣ್ಣು ಸವೆಸಿದವಳಿಗೆ ತಕ್ಕ ಬೆಲೆ ದೊರೆಯದಿರಲು, ಮಗಳು ವಿದ್ಯೆ ಕಲಿತು ಪಟ್ಟಣದಲ್ಲಿ ಉದ್ಯೋಗವನ್ನು ಹಿಡಿದರೆ ಅವಳನ್ನು ದೂಷಿಸುವುದು ನ್ಯಾಯವಲ್ಲ. ವಿದ್ಯೆಯು ಕೈಕೆಲಸಕ್ಕೆ ಶತ್ರುವೆಂದು ನಾವು ತಿಳಿಯೆವು. ಶ್ರಮಕ್ಕೆ ಬೆಲೆ ಕೊಡದಿರುವಿಕೆಯೇ ಅದರ ನಿಜವಾದ ಶತ್ರು. ಆದುದರಿಂದ ಮಾತೆಯರೇ, ಹಿರಿಯ ವಿದ್ಯಾರ್ಥಿನಿಯರೇ, ಕೈಯಿಂದ ಹೊಲಿದ ವಸ್ತ್ರವನ್ನು ಕೊಳ್ಳುವಾಗ ಚೌಕಾಶಿಗೆ ಮೊದಲು ಅದರಲ್ಲಿ ಎಣಿಸಿದ ಎಳೆಗಳನ್ನು ಒಮ್ಮೆ ನೋಡಿರೆಂದು ಬೇಡುತ್ತೇವೆ.