ಅರಸನನ್ನು ಸ್ಥಾಪಿಸುವ ನಾದ: ಮಲಯ ಆಸ್ಥಾನಗಳ ನೋಬತ್

ಕನ್ನಡದಲ್ಲಿ ಅರಸನಿಗೆ 'ಪಟ್ಟ ಕಟ್ಟುತ್ತೇವೆ'. ಅಧಿಕಾರವು ಇಲ್ಲಿ ಹಣೆಯ ಮೇಲೆ ಕಾಣುವ ಲಾಂಛನ. ಮಲಯ ಭಾಷೆಯಲ್ಲಿ ಸಿಂಹಾಸನಾರೋಹಣವನ್ನು ಹೇಳುವ 'ತಬಲ್' ಎಂಬ ಧಾತುವಾದರೋ ಚರ್ಮವಾದ್ಯವನ್ನು ಸೂಚಿಸುವ ಅರಬ್ಬೀ ಶಬ್ದದಿಂದ ಬಂದುದು. ಅಲ್ಲಿ ಅರಸುತನವು ಮೊದಲು ಕಿವಿಗೆ ಕೇಳಿಸಬೇಕು. ಈ ನಾದವನ್ನು ಹೊರಡಿಸುವ ಆಸ್ಥಾನಮೇಳವೇ 'ನೋಬತ್'. ಅದರ ರಾಜಕೀಯ ಅರ್ಥವನ್ನು ನಾವು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ನೋಬತ್ ಎಂಬುದು ನಮ್ಮ ನೌಬತ್ತಿನ ಸೋದರಶಬ್ದ. ಮೇಳದ 'ನೆಂಗ್ಕಾರ'ವು ವಿಜಾಪುರದ ಗೋಳಗುಮ್ಮಟದೆದುರಿನ ನಗಾರಖಾನೆಯ ಹೆಸರಿನಲ್ಲಿ ಉಳಿದಿರುವ ನಗಾರಿಯ ಜ್ಞಾತಿ. 'ಸೆರುನಾಯ್' ಶಹನಾಯಿಯ ಬಳಗದ್ದು. ಇವುಗಳೊಡನೆ ಎರಡು ಮುಖದ 'ಗೆಂದಾಂಗ್' ಮದ್ದಲೆಗಳೂ ಬೆಳ್ಳಿಯ 'ನಾಫಿರಿ' ಕಹಳೆಯೂ ಇರುತ್ತವೆ. ಈ ಮೇಳವು ಮನರಂಜನೆಗಾಗಿ ಇರುವುದಲ್ಲ; ಛತ್ರ, ಖಡ್ಗಗಳಂತೆ ಇದೂ ರಾಜಚಿಹ್ನೆ.

ಆದುದರಿಂದಲೇ ನೋಬತ್ ಯಾರಿಂದ ಯಾರಿಗೆ ಸಂದಿತು ಎಂಬುದು ಸಾರ್ವಭೌಮತ್ವದ ಪ್ರಶ್ನೆಯಾಗುತ್ತದೆ. ಕೆದಾದ ಅರಸನು ಮಲಾಕಕ್ಕೆ ಬಂದು ನೋಬತ್ತನ್ನು ಬೇಡಿ ಪಡೆದನೆಂದು 'ಸೆಜಾರಾ ಮೆಲಾಯು' ಎಂಬ ಮಲಾಕದ ಇತಿವೃತ್ತ ಹೇಳುತ್ತದೆ. ಕೆದಾದ ಐತಿಹ್ಯವು ತನ್ನ ಮೇಳದ ಮೂಲವನ್ನು ಪರ್ಷಿಯಾದಲ್ಲಿ ಗುರುತಿಸುತ್ತದೆ. ಮೊದಲನೆಯದರಲ್ಲಿ ಕೆದಾ ಮಲಾಕದ ಅನುಗ್ರಹಕ್ಕೆ ಪಾತ್ರವಾದ ರಾಜ್ಯ. ಎರಡನೆಯದರಲ್ಲಿ ಅದು ಯಾರಿಗೂ ಋಣಿಯಲ್ಲ. ಯಾವುದು ನಿಜವೆಂಬುದಕ್ಕಿಂತ, ಎರಡು ರಾಜಮನೆತನಗಳು ತಮ್ಮ ಸ್ಥಾನವನ್ನು ವಾದ್ಯದ ಕಥೆಯ ಮೂಲಕವೇ ಸ್ಥಾಪಿಸಿಕೊಂಡವೆಂಬುದು ಗಮನಾರ್ಹ.

1511ರಲ್ಲಿ ಮಲಾಕ ಪೋರ್ಚುಗೀಸರ ವಶವಾಯಿತು. ಅದರ ಕೊನೆಯ ಸುಲ್ತಾನನ ಮಗನಿಂದ 1528ರಲ್ಲಿ ಆರಂಭವಾದ ಪೆರಾಕ್ ವಂಶವು ಮಲಾಕದ ವಾರಸುದಾರಿಕೆಯನ್ನು ಸಾರಿತು. ಸೆಲಾಂಗೋರಿನ ಬುಗಿಸ್ ನಾಯಕ ರಾಜಾ ಲುಮುವಿಗೆ ಸೈನ್ಯಬಲವಿತ್ತು, ಮಲಾಕದ ವಂಶಬಲವಿರಲಿಲ್ಲ. 1766ರಲ್ಲಿ ಪೆರಾಕಿನ ಸುಲ್ತಾನನು ಅವನನ್ನು ಸುಲ್ತಾನನೆಂದು ಮನ್ನಿಸಿ ನೋಬತ್ತನ್ನು ನೀಡಿದನು. ಖಡ್ಗವು ಗಳಿಸಿಕೊಡಲಾರದ ಮನ್ನಣೆಯನ್ನು ನಗಾರಿಯು ತಂದುಕೊಟ್ಟಿತು.

1874ರ ಪಾಂಗ್ಕೋರ್ ಒಪ್ಪಂದವು ಪೆರಾಕಿನ ಆಡಳಿತದಲ್ಲಿ ಬ್ರಿಟಿಷ್ ರೆಸಿಡೆಂಟನ ಸಲಹೆಯನ್ನು ಕಡ್ಡಾಯಗೊಳಿಸಿತು. ಮಲಯರ ಧರ್ಮ ಮತ್ತು ಸಂಪ್ರದಾಯಗಳನ್ನು ಮಾತ್ರ ಹೊರಗಿಟ್ಟಿತು. ಕಂದಾಯ ಕೈತಪ್ಪಿದಾಗಲೂ ಅರಸನಲ್ಲಿ ಉಳಿದ ಕ್ಷೇತ್ರ ಇದೇ; ನೋಬತ್ ಈ ಕ್ಷೇತ್ರಕ್ಕೆ ಸೇರಿದುದು. ಇಂದಿಗೂ ಕೆದಾ, ಪೆರಾಕ್, ಸೆಲಾಂಗೋರ್, ತೆರೆಂಗಾನುಗಳಲ್ಲಿಯೂ ಬ್ರೂನೈಯಲ್ಲಿಯೂ ಅದು ನುಡಿಯುತ್ತದೆ. 1957ರ ಸ್ವಾತಂತ್ರ್ಯಾನಂತರ ಮಲೇಶಿಯಾದ ರಾಜಾಧ್ಯಕ್ಷನನ್ನು ಒಂಬತ್ತು ಅರಸರು ಐದು ವರ್ಷಗಳ ಅವಧಿಗೆ ತಮ್ಮೊಳಗಿನಿಂದ ಆರಿಸುತ್ತಾರೆ. ಅವನ ಸಿಂಹಾಸನಾರೋಹಣದಲ್ಲಿಯೂ ನೋಬತ್ ಮೊಳಗುತ್ತದೆ. ಹೀಗೆ ಸಂವಿಧಾನವು ಆರಿಸಿದವನನ್ನು ಅರಸನೆಂದು ಸಾರುವ ಹೊಣೆಯನ್ನು ಈ ಪ್ರಾಚೀನ ಮೇಳವೇ ನಿರ್ವಹಿಸುತ್ತಿದೆ.